ಅತ್ತಿಗೆ/ನಿಜ

ಆ ಬುಧವಾರ ಬೆಳಿಗ್ಗೆ ಊರಿನ ಅಷ್ಟೂ ಬಸ್ ನಿಲ್ದಾಣಗಳ ಬೋರ್ಡುಗಳು ಬಸ್ಸಿನ ಸಮಯ ಹೇಳುವುದನ್ನು ಬಿಟ್ಟು, ದಪ್ಪ ಕೆಂಪು ಅಕ್ಷರಗಳಲ್ಲಿ ಒಂದು ಪ್ರಶ್ನೆ ಕೇಳತೊಡಗಿದವು: ‘ಬರ್ತೀನಿ ಅಂದು ಒಂದು ಗಂಟೆ ಆಯ್ತು. ಎಲ್ಲಿದೀಯಾ?’

ಕಾದು ಕಾದು ಕಾಲು ನೋಯಿಸಿಕೊಂಡಿದ್ದ ಜನಕ್ಕೆ, ತಮ್ಮ ಪರವಾಗಿ ಬೋರ್ಡೇ ಬಾಯಿಬಿಟ್ಟಂತಾಯಿತು. ಒಬ್ಬಳು ಚೀಲ ಕೆಳಗಿಟ್ಟು ಫೋಟೋ ತೆಗೆದಳು. ಇನ್ನೊಬ್ಬ ಅದನ್ನು ಬಸ್ ಓಡಿಸುವ ತನ್ನ ಭಾವನಿಗೆ ಕಳಿಸಿ, ಅಲ್ಲಿಂದ ಬಂದ ಉತ್ತರ ಓದಿ ಫೋನನ್ನು ಜೇಬಿಗಿಳಿಸಿದ. ಸ್ವಲ್ಪ ಹೊತ್ತಿಗೆ ಬೋರ್ಡಿನ ಮಾತು ಬದಲಾಯಿತು: ‘ಹಾಲು ತರೋದು ಮರೀಬೇಡ. ಮರೆತರೆ ಹಾಗೇ ವಾಪಸ್ ಹೋಗು.’ ಇದು ಯಾರು ಯಾರಿಗೆ ಹೇಳಿದ್ದೆಂದು ತಿಳಿಯದೆ ಎಲ್ಲರೂ ತಮಗೇ ಹೇಳಿದ್ದೆಂದುಕೊಂಡರು. ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಹಾಲು ಬೇಗ ಖಾಲಿಯಾಯಿತು.

ಈ ಮಾತುಗಳನ್ನು ಕಳಿಸಿದವಳು ಆಗ ಒಂದು ಆಫೀಸಿನ ಮೂರನೇ ಮಹಡಿಯ ಹಿಂದಿನ ಕೋಣೆಯಲ್ಲಿ, ಗೋಡೆಗೆ ಒರಗಿಸಿಟ್ಟ ಖಾಲಿ ಬೋರ್ಡಿನ ಮುಂದೆ ನಿಂತು, ಇದೇಕೆ ಉಸಿರೇ ಬಿಡುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುತ್ತಿದ್ದಳು. ಮೊದಲ ವಾಕ್ಯ ಕಳಿಸಿದಳು, ಬೋರ್ಡು ಮಿಸುಕಲಿಲ್ಲ. ಎರಡನೆಯದು ಕಳಿಸಿದಳು, ಆಗಲೂ ಇಲ್ಲ. ಮೂರನೆಯದಕ್ಕೆ ಅತ್ತೆಯ ಬಾಯಿಂದ ಕೇಳಿದ್ದ ಇನ್ನೂ ಉದ್ದದ ಬೈಗುಳವೊಂದನ್ನು ನೆನಪಿಸಿಕೊಳ್ಳುತ್ತಿದ್ದಾಗ ಅತ್ತೆಯದೇ ಫೋನ್ ಬಂತು.

“ಏನೇ, ನನ್ನ ಮಾತನ್ನ ಯಾರನ್ನ ಕೇಳಿ ಬೋರ್ಡಿಗೆ ಹಾಕಿದ್ರಿ?”

“ಯಾವ ಮಾತು ಅತ್ತೆ?”

“ಹಾಲಿಂದು. ಮೊನ್ನೆ ನಿನ್ನ ಗಂಡನಿಗೆ ಹೇಳಿದ್ದು. ಬಸ್ ಸ್ಟ್ಯಾಂಡಲ್ಲಿ ನಿಂತಿದೀನಿ, ಇಲ್ಲಿ ಅಷ್ಟು ದೊಡ್ಡದಾಗಿ ಬಂದಿದೆ. ಪಕ್ಕದಲ್ಲಿರೋರು ‘ಹೇಳಿದ ಹೆಂಗಸು ಯಾರೋ ಗಟ್ಟಿಗಿತ್ತಿ’ ಅಂದ್ರು. ನಾನೇ ಕಣಮ್ಮ ಅಂದೆ. ನಂಬಲಿಲ್ಲ.”

ಅವಳು ತಿರುಗಿ ನೋಡಿದಳು. ಗೋಡೆಗೊರಗಿದ ಬೋರ್ಡು ಏನೂ ಅರಿಯದ ಪಾಪದ ಮುಖ ಮಾಡಿಕೊಂಡು ನಿಂತೇ ಇತ್ತು.

ಆಫೀಸಿನಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಎನ್ನುತ್ತಿದ್ದರು. ಬಸ್ ನಿಲ್ದಾಣಗಳ ಬೋರ್ಡು ನೋಡಿಕೊಳ್ಳುವ ಆ ಕಂಪನಿ ನಡೆಸುವವಳು ಅವಳ ಗಂಡನ ತಂಗಿ. ಸೇರಿದ ದಿನ ಆ ನಾದಿನಿ ಎಲ್ಲರೆದುರು “ಅತ್ತಿಗೆ, ನಿಮ್ಮ ಕುರ್ಚಿ ಇಲ್ಲಿ” ಅಂದುಬಿಟ್ಟಿದ್ದಳು. ನಾದಿನಿ ನಾಲಿಗೆ ಕಚ್ಚಿಕೊಂಡಳು, ಆದರೆ ಅಷ್ಟರಲ್ಲಿ ಹೆಸರು ಬಾಯಿಂದ ಬಾಯಿಗೆ ದಾಟಿ ಕಾಫಿ ಮೆಷಿನ್ ತನಕ ಹೋಗಿತ್ತು. ಅವಳಿಗಿಂತ ಸಾಕಷ್ಟು ದೊಡ್ಡವರಾದ, ಹಿಂದೊಮ್ಮೆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದುದರಿಂದ ಮೇಷ್ಟ್ರು ಅನ್ನಿಸಿಕೊಂಡ ಹಿರಿಯ ಪ್ರೋಗ್ರಾಮರ್ ಕೂಡ ಅತ್ತಿಗೆ ಅಂತಲೇ ಕರೆಯುತ್ತಿದ್ದರು. ಅತ್ತಿಗೆಯ ಕಷ್ಟ ಬೇರೆಯದು. ಮನೆಯಲ್ಲಿ ನಾದಿನಿಯನ್ನು “ಬಾರೇ, ಹೋಗೇ” ಎನ್ನುತ್ತಿದ್ದವಳಿಗೆ, ಆಫೀಸಿನಲ್ಲಿ ‘ನೀನು’ ತುಟಿಯ ತನಕ ಬಂದು ನಿಲ್ಲುತ್ತಿತ್ತು, ‘ನೀವು’ ಗಂಟಲಿನಿಂದ ಮೇಲೇಳುತ್ತಲೇ ಇರಲಿಲ್ಲ. ಹಾಗಾಗಿ ಎರಡೂ ಬೇಕಿಲ್ಲದ ವಾಕ್ಯಗಳನ್ನೇ ಹೆಕ್ಕಿ ಆಡುತ್ತಿದ್ದಳು. ಕಾಫಿ ಆಯ್ತಾ? ಮೀಟಿಂಗ್ ಎಷ್ಟು ಹೊತ್ತಿಗೆ? ಇದನ್ನ ಎಲ್ಲಿ ಇಡೋದು?

ಮದುವೆಗೆ ಮುಂಚೆ ಅವಳು ಇದೇ ಕೆಲಸ ಮಾಡುತ್ತಿದ್ದಳು. ಆಮೇಲೆ ಮಗಳು, ಮಾವನ ಕಾಯಿಲೆ, ಮತ್ತೆ ಮಗಳ ಶಾಲೆ. ಯಾರಾದರೂ ಏನು ಮಾಡ್ಕೊಂಡಿದೀರಿ ಅಂದರೆ “ಮೊದಲು ಪ್ರೋಗ್ರಾಮರ್ ಆಗಿದ್ದೆ” ಎಂದು ಹೇಳಿ ಹೇಳಿ, ಆ ಭೂತಕಾಲವೇ ಅವಳಿಗೆ ಸಾಕಾಗಿಹೋಗಿತ್ತು. ನಾದಿನಿ ಕೆಲಸ ಕೊಟ್ಟಾಗ ಮುಲಾಜಿಲ್ಲದೆ ಹೇಳಿದ್ದಳು: “ಮೂರು ತಿಂಗಳು ನೋಡೋಣ. ಕೆಲಸ ಬಂದರೆ ಉಳೀತೀರಿ. ಬರದಿದ್ರೆ ಭಾನುವಾರ ಭಾನುವಾರ ಮನೇಲಿ ಸಿಗ್ತೀರಲ್ಲ.” ಆ ಮೂರು ತಿಂಗಳು ಈ ಶುಕ್ರವಾರಕ್ಕೆ ಮುಗಿಯುತ್ತಿತ್ತು.

ಅವಳು ಹೌಹಾರಿ ಓಡಿಬಂದು ಹೇಳಿದ್ದನ್ನು ಕೇಳಿ ಮೇಷ್ಟ್ರು ತಮ್ಮ ಕಂಪ್ಯೂಟರಿನಿಂದ ಹಳೆಯ ಪ್ರೋಗ್ರಾಂ ಕಳಿಸಿ ಬೋರ್ಡುಗಳನ್ನು ಸರಿಮಾಡಿದರು. ಊರಿನ ಬೋರ್ಡುಗಳು ಮತ್ತೆ ಬಸ್ಸಿನ ಸಮಯ ಹೇಳತೊಡಗಿದವು. ಆದರೆ ಅಷ್ಟರೊಳಗೆ ಸಾರಿಗೆ ಇಲಾಖೆಯ ಅಧಿಕಾರಿಯ ಫೋನ್ ಬಂದಾಗಿತ್ತು. ನಾದಿನಿ ತನ್ನ ಗಾಜಿನ ಕೋಣೆಯಲ್ಲಿ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ನಿಂತಿದ್ದು ಎಲ್ಲರಿಗೂ ಕಂಡಿತು. ಮುಗಿದ ಮೇಲೆ ಬಾಗಿಲು ತೆರೆದು ಅತ್ತಿಗೆಯನ್ನು ಕರೆದಳು.

“ಯಾರು ಮಾಡಿದ್ದು ಅಂತ ಕೇಳ್ತಿದಾರೆ.”

“ನಾನೇ ಅಂತ ಹೇಳಬಹುದಲ್ಲ.”

“ಹೇಳ್ದೆ. ಹೆಸರು ಕೇಳಿದ್ರು, ಗಾಬರಿಯಲ್ಲಿ ‘ನಮ್ಮ ಅತ್ತಿಗೆ’ ಅಂದ್ಬಿಟ್ಟೆ.” ನಾದಿನಿ ಕಣ್ಣು ಮುಚ್ಚಿ ಹಣೆ ಉಜ್ಜಿಕೊಂಡಳು. “ನೋಡಿ, ಬೇರೆ ಯಾರೇ ಆಗಿದ್ರೂ ಹೊಸಬರು, ಬಿಡಿ ಅಂತಿದ್ದೆ. ನಿಮ್ಮ ವಿಷಯದಲ್ಲಿ ಆ ಮಾತು ನನ್ನ ಬಾಯಲ್ಲಿ ಬರೋ ಹಾಗಿಲ್ಲ. ನಾಳೆ ಮಧ್ಯಾಹ್ನ ಊಟ ಆದ್ಮೇಲೆ ಮತ್ತೆ ಫೋನ್ ಮಾಡ್ತಾರೆ. ಹೇಗಾಯ್ತು, ಮತ್ತೆ ಆಗಲ್ಲ ಅಂತ ಏನು ನಂಬಿಕೆ, ಎರಡಕ್ಕೂ ಉತ್ತರ ಬೇಕು. ಸಿಗಲಿಲ್ಲ ಅಂದ್ರೆ ಶುಕ್ರವಾರದ ತನಕ ಕಾಯೋದ್ರಲ್ಲಿ ಅರ್ಥ ಇಲ್ಲ.”

“ಸರಿ” ಅಂದಳು ಅತ್ತಿಗೆ. ಇದಕ್ಕಾದರೂ ನೀನು, ನೀವು ಯಾವುದೂ ಬೇಕಾಗಲಿಲ್ಲ.

ಆ ಸಂಜೆ ಊಟದ ಮೇಜಿನ ಮೇಲೆ ಅತ್ತೆಯದೇ ಮಾತು. ನಿಲ್ದಾಣದಲ್ಲಿ ಯಾರು ಏನೆಂದರು, ಯಾರು ಹೇಗೆ ನಕ್ಕರು, ಎಲ್ಲ ಎರಡೆರಡು ಸಲ ಆಯಿತು. ಸೊಸೆ ತಟ್ಟೆಯಲ್ಲಿ ಬೆರಳಾಡಿಸುತ್ತಿರುವುದು ಆಮೇಲೆ ಕಣ್ಣಿಗೆ ಬಿತ್ತು.

“ಅಷ್ಟಕ್ಕೂ ತಪ್ಪು ಎಲ್ಲಾಯ್ತು?”

“ಬ್ರಾಂಚ್ ಅದಲು ಬದಲಾಗಿದೆ ಅತ್ತೆ.”

“ಬ್ಯಾಂಕಿಂದಾ?”

“ಅಲ್ಲ. ಪ್ರೋಗ್ರಾಮಿಂದು. ಮರದ ಕೊಂಬೆ ಇದ್ದ ಹಾಗೆ. ಕಾಂಡ ಒಂದೇ, ಒಬ್ಬೊಬ್ಬರು ಒಂದೊಂದು ಕೊಂಬೆ ಮೇಲೆ ಕೂತು ಕೆಲಸ ಮಾಡ್ತೀವಿ. ಒಬ್ಬರದು ಇನ್ನೊಬ್ಬರಿಗೆ ತಾಗಬಾರದು ಅಂತ.”

“ಕೂತ ಕೊಂಬೆ ಯಾವುದು ಅಂತ ಕೂತವರಿಗೆ ಗೊತ್ತಿರಲ್ವಾ?”

“ನನಗೆ ಗೊತ್ತಿತ್ತು. ಕಳಿಸೋ ಸ್ಕ್ರಿಪ್ಟಿಗೆ ಗೊತ್ತಾಗಿಲ್ಲ ಅನ್ಸುತ್ತೆ.”

ಅತ್ತೆ ಇದನ್ನು ಸ್ವಲ್ಪ ಅಗಿದು ನೋಡಿ, ನುಂಗದೆ ಪಕ್ಕಕ್ಕಿಟ್ಟರು. “ನಿನ್ನ ನಾದಿನಿಗೆ ನಾನೊಂದು ಮಾತು ಹೇಳ್ಲಾ? ಅವಳು ಆಫೀಸಿಗೆ ದೊಡ್ಡವಳಿರಬಹುದು, ನನಗಲ್ಲ.”

“ದಯವಿಟ್ಟು ಬೇಡ” ಅಂದಳು ಅತ್ತಿಗೆ, ಎಷ್ಟು ಬೇಗ ಅಂದರೆ ಮಗಳು ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತಿದಳು.

ಗುರುವಾರ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಬಂದು, ‘ಕಳಿಸು’ ಎಂಬ ಹೆಸರಿನ ಆ ಪುಟ್ಟ ಶೆಲ್ ಸ್ಕ್ರಿಪ್ಟನ್ನು, ಅಂದರೆ ಒಂದರ ಹಿಂದೊಂದು ಓಡುವ ಆಜ್ಞೆಗಳ ಫೈಲನ್ನು, ತೆರೆದಳು. ಬೋರ್ಡುಗಳ ಪ್ರೋಗ್ರಾಮಿನ ಹಳೆ ಹೊಸ ರೂಪಗಳನ್ನೆಲ್ಲ ಕಾಪಾಡುತ್ತಿದ್ದುದು ಗಿಟ್. ಅದರಲ್ಲಿ ಮುಖ್ಯ ಬ್ರಾಂಚಿಗೆ ಈ ಕಂಪನಿ ಇಟ್ಟ ಹೆಸರು ‘ನಿಜ’. ನಿಜದಲ್ಲಿ ಇದ್ದದ್ದು ಊರಿನ ಬೋರ್ಡುಗಳಿಗೆ. ಮಿಕ್ಕವರು ನಿಜದಿಂದ ತಂತಮ್ಮ ಬ್ರಾಂಚ್ ಒಡೆದುಕೊಂಡು, ತಿದ್ದಿ ತೀಡಿದ್ದನ್ನು ಹಿಂದಿನ ಕೋಣೆಯ ಬೋರ್ಡಿನ ಮೇಲೆ ಹಾಕಿ ನೋಡುತ್ತಿದ್ದರು. ಕಳಿಸುವವರು ಯಾವ ಬ್ರಾಂಚಿನಲ್ಲಿ ನಿಂತಿದ್ದಾರೆಂದು ಗಿಟ್ಟನ್ನು ಕೇಳಿ, ನಿಜ ಆದರೆ ಊರಿಗೆ, ಅಲ್ಲದಿದ್ದರೆ ಹಿಂದಿನ ಕೋಣೆಗೆ ದಾರಿ ತೋರಿಸುವುದಷ್ಟೇ ಈ ಸ್ಕ್ರಿಪ್ಟಿನ ಕೆಲಸ.

ಬ್ರಾಂಚಿನ ಹೆಸರಿಗೂ ಒಂದು ನಿಯಮ ಇತ್ತು. ಮೊದಲು ನಿಮ್ಮ ಹೆಸರು, ಆಮೇಲೆ ಒಂದು ಓರೆಗೆರೆ, ಆಮೇಲೆ ಕೆಲಸದ ಹೆಸರು. ಮೇಷ್ಟ್ರು/ಗಡಿಯಾರ, ಮೇಷ್ಟ್ರು/ಬಣ್ಣ, ಹೀಗೆ. ಇಷ್ಟು ದಿನ ಮೇಷ್ಟ್ರ ಪಕ್ಕ ಕೂತು ಅವರ ಬ್ರಾಂಚಿನಲ್ಲೇ ಕೆಲಸ ಕಲಿಯುತ್ತಿದ್ದ ಅತ್ತಿಗೆಗೆ ಈ ವಾರ ಮೊದಲ ಸಲ ಅವಳದೇ ಅಂತ ಒಂದು ಕೆಲಸ ಸಿಕ್ಕಿತ್ತು. ಉದ್ದದ ಸಾಲು ಬಂದರೆ ಬೋರ್ಡುಗಳು ಕೊನೆಯ ಪದವನ್ನು ನುಂಗಿಬಿಡುತ್ತಿದ್ದವು, ಅದನ್ನು ಸರಿಮಾಡಬೇಕು. ಪರೀಕ್ಷೆಗೆ ಉದ್ದುದ್ದದ ವಾಕ್ಯಗಳು ಬೇಕಿತ್ತು. ಅವಳಿಗೆ ಗೊತ್ತಿದ್ದ ಉದ್ದುದ್ದದ ವಾಕ್ಯಗಳೆಲ್ಲ ಅತ್ತೆಯವು. ಬ್ರಾಂಚಿಗೆ ಹೆಸರಿಡುವಾಗ ಅವಳು ಮನೆಯ ಪಾತ್ರೆಯ ಮೇಲೆ ಹೆಸರು ಕೆತ್ತಿಸಿದಷ್ಟೇ ಸಲೀಸಾಗಿ ಯೋಚಿಸಿದ್ದಳು. ಇದು ನಿಜದ ನಕಲು, ನನ್ನದು. ಆದ್ದರಿಂದ ಅತ್ತಿಗೆ/ನಿಜ.

ಸ್ಕ್ರಿಪ್ಟು ಒಂದು ಪುಟವೂ ಇರಲಿಲ್ಲ. ಅವಳು ಒಂದೊಂದೇ ಸಾಲನ್ನು ಓಡಿಸಿ, ಅದು ಏನು ಹೇಳುತ್ತದೆಂದು ಪರದೆಯ ಮೇಲೆ ಮುದ್ರಿಸಿ ನೋಡಿದಳು. ಗಿಟ್ ಕೊಟ್ಟ ಉತ್ತರ ಸರಿಯಾಗಿಯೇ ಇತ್ತು: refs/heads/ಅತ್ತಿಗೆ/ನಿಜ. ಅಂಚೆ ವಿಳಾಸದ ಹಾಗೆ ಪೂರ್ತಿ, ಸ್ಪಷ್ಟ. ಮುಂದಿನ ಸಾಲಿನಲ್ಲಿ ಸ್ಕ್ರಿಪ್ಟು, ಇಷ್ಟುದ್ದ ಯಾಕೆ ಅಂದುಕೊಂಡಂತೆ, ಕಟ್ಟಕಡೆಯ ಓರೆಗೆರೆಯ ತನಕ ಎಲ್ಲವನ್ನೂ ಕತ್ತರಿಸಿ ಎಸೆಯುತ್ತಿತ್ತು. ಉಳಿದದ್ದು: ನಿಜ.

ರಸ್ತೆಯ ಹೆಸರು ಹರಿದುಹಾಕಿ ಬರೀ ಮನೆ ನಂಬರ್ ಹಿಡಿದು ಹೊರಟ ಅಂಚೆಯವನಂತೆ ಅದು ಸೀದಾ ಊರಿಗೆ ಹೋಗಿತ್ತು.

ಅವಳು ಒಬ್ಬಳೇ ನಕ್ಕಳು. ಆಮೇಲೆ ಗಾಬರಿಯಾಯಿತು. ಆ ಸ್ಕ್ರಿಪ್ಟು ಮೇಷ್ಟ್ರದು.

ಮೇಷ್ಟ್ರು ಬಂದು, ಹೆಲ್ಮೆಟ್ ಮೇಜಿನ ಮೇಲಿಟ್ಟು, ಅವಳ ಪರದೆಯಲ್ಲಿ ಏನು ತೆರೆದಿದೆ ಎಂದು ದೂರದಿಂದಲೇ ಗುರುತಿಸಿದರು.

“ಅದರ ಮೇಲೆ ಕಣ್ಣು ಬಿತ್ತಾ? ನೋಡಿ ಅತ್ತಿಗೆ, ಅದು ವರ್ಷಗಳಿಂದ ಒಂದು ದಿನ ತಪ್ಪಿಲ್ಲ. ಅದಕ್ಕೆ ಜ್ವರ ಬಂದಿದ್ದೂ ನಾನು ಕಾಣೆ. ನೀವು ನಿಜದಲ್ಲೇ ನಿಂತು ಕಳಿಸಿದೀರಿ, ಒಪ್ಕೊಂಡ್ರೆ ಮುಗೀತು.”

“ಒಂದು ಸಲ ಇದನ್ನ ನೋಡ್ತೀರಾ?”

ಅವರು ನಿಂತೇ ನೋಡಿದರು. ಆಮೇಲೆ ಕೂತು ನೋಡಿದರು. ಆಮೇಲೆ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ, ತಪ್ಪು ಗಾಜಿನದಿರಬಹುದೆಂಬ ಸಣ್ಣ ಆಸೆಯಿಂದ ಮತ್ತೆ ಹಾಕಿಕೊಂಡು ನೋಡಿದರು.

“ನಾನು ಇದನ್ನ ಬರೆದಾಗ ಇಲ್ಲಿ ಇದ್ದದ್ದೇ ಇಬ್ಬರು” ಅಂದರು ಕೊನೆಗೆ. “ಬ್ರಾಂಚ್ ಹೆಸರಲ್ಲಿ ಓರೆಗೆರೆ ಇರ್ತಿರಲಿಲ್ಲ. ಕೊನೆ ಚೂರು ಅಂದ್ರೇನೇ ಪೂರ್ತಿ ಹೆಸರು. ಆಮೇಲೆ ಜನ ಜಾಸ್ತಿ ಆದ್ರು, ನಿಮ್ಮ ನಾದಿನಿ ನಿಯಮ ಮಾಡಿದ್ಲು, ಹೆಸರು ಹಾಕಿ, ಗೆರೆ ಹಾಕಿ ಅಂತ. ಎಲ್ಲರೂ ಗಡಿಯಾರ, ಬಣ್ಣ ಅಂತ ಇಟ್ಕೊಂಡ್ರು. ಇಷ್ಟು ವರ್ಷದಲ್ಲಿ ತನ್ನ ಬ್ರಾಂಚಿಗೆ ನಿಜ ಅಂತ ಹೆಸರಿಡೋ ಪುಣ್ಯಾತ್ಗಿತ್ತಿ ಹುಟ್ಟಿರಲಿಲ್ಲ.”

“ಮೂರು ಜನ ಸೇರಿ ಮಾಡಿದ್ವಿ ಅಂತಾಯ್ತು.”

“ನೀವು ಒಳ್ಳೆಯವರು. ಕತ್ತರಿ ಹಿಡಿದವನು ನಾನು.” ಅವರ ಮುಖ ಸ್ವಲ್ಪ ಬಾಡಿತ್ತು. “ತಿದ್ದಿ ನೋಡೋಣ. ನೀವೇ ತಿದ್ದಿ.”

ಅತ್ತಿಗೆಗೆ ಹುರುಪು ಬಂತು. ಆ ಹುರುಪಿನಲ್ಲಿ ಅವಳು ಗಿಟ್ಟಿನಿಂದ ಮೊಟಕು ಹೆಸರನ್ನೇ ನೇರವಾಗಿ ಕೇಳುವ ಆಜ್ಞೆಯೊಂದನ್ನು ಹುಡುಕಿ ಹಾಕಿದಳು. ಈಗ ಉತ್ತರ ‘ಅತ್ತಿಗೆ/ನಿಜ’ ಎಂದೇ ಬಂತು, ಬಾಲವೂ ಇತ್ತು, ತಲೆಯೂ ಇತ್ತು. ಆಮೇಲೆ ತೀರ್ಪಿನ ಸಾಲು ಬರೆದಳು. ಹೆಸರಿನಲ್ಲಿ ಓರೆಗೆರೆ ಇದ್ದರೆ ಅದು ಯಾರದೋ ಸ್ವಂತದ್ದು, ಹಿಂದಿನ ಕೋಣೆಗೆ. ಓರೆಗೆರೆ ಇಲ್ಲದಿದ್ದರೆ ಅದು ನಿಜ, ಊರಿಗೆ. ಓಡಿಸಿದಳು. ಹಿಂದಿನ ಕೋಣೆಯ ಬೋರ್ಡು ಕೆಂಪಗೆ ಹೊತ್ತಿಕೊಂಡು, ಹಾಲು ತರೋದು ಮರೀಬೇಡ ಎಂದು ಅತ್ತೆಯ ಧಾಟಿಯಲ್ಲೇ ಗದರಿಸಿತು. ಬಾಗಿಲಲ್ಲಿ ನಿಂತು ಇಣುಕಿದ ಅತ್ತಿಗೆಗೆ ಅದನ್ನು ತಬ್ಬಿಕೊಳ್ಳಬೇಕೆನಿಸಿತು.

ಮೇಷ್ಟ್ರು ಮಾತ್ರ ಕೈಕಟ್ಟಿ ಕೂತಿದ್ದರು.

“ಚೆನ್ನಾಗಿದೆ. ಈಗ ನಾನೊಂದು ಕಿತಾಪತಿ ಮಾಡ್ತೀನಿ, ಬೇಜಾರು ಮಾಡ್ಕೋಬೇಡಿ.” ಅವರು ತಮ್ಮ ಕಂಪ್ಯೂಟರಿನ ಹಿಂದೆ ಕೈಹಾಕಿ ನೆಟ್‌ವರ್ಕಿನ ಕೇಬಲ್ ಕಿತ್ತು ಅವಳಿಗೆ ತೋರಿಸಿದರು. “ಇದು ಹೊರಗಿದೆ, ಏನೂ ಎಲ್ಲೂ ಹೋಗಲ್ಲ. ಈಗ, ಹೋದ ವರ್ಷ ಬೋರ್ಡು ಹೇಗಿತ್ತು ಅಂತ ನೋಡೋಕೆ ನಾನು ಹಳೇದೊಂದು ರೂಪಕ್ಕೆ ಹೋಗಿ ನಿಲ್ತೀನಿ. ಯಾವ ಬ್ರಾಂಚಿನ ಮೇಲೂ ಅಲ್ಲ, ಸುಮ್ಮನೆ ಕಾಂಡದ ಮಧ್ಯೆ ಎಲ್ಲೋ. ನಾವು ದಿನಾ ಮಾಡೋ ಕೆಲಸವೇ. ನಿಮ್ಮ ಸ್ಕ್ರಿಪ್ಟ್ ಓಡಿಸಿ.”

ಅವಳು ಓಡಿಸಿದಳು. ಪರದೆಯ ಮೇಲೆ ಬಂತು: ‘ಬ್ರಾಂಚ್: HEAD. ಊರಿನ ಬೋರ್ಡುಗಳಿಗೆ ಕಳಿಸುತ್ತಿದ್ದೇನೆ.’

ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು.

“ಹೆಸರಿಲ್ಲದ ಕಡೆ ನಿಂತು ಹೆಸರು ಕೇಳಿದ್ರೆ, ಗಿಟ್ ಬರೀ ‘ತಲೆ’ ಅನ್ನುತ್ತೆ” ಅಂದರು ಮೇಷ್ಟ್ರು. “ತಲೆಯಲ್ಲಿ ಓರೆಗೆರೆ ಇಲ್ಲವಲ್ಲ. ನಿಮ್ಮ ಸ್ಕ್ರಿಪ್ಟ್ ಅದನ್ನ ನಿಜ ಅಂದ್ಕೊಂಡು ಹೋದ ವರ್ಷದ ಬಸ್ ವೇಳೆಯನ್ನ ಊರಿಗೆಲ್ಲ ಹಂಚುತ್ತೆ. ನನ್ನದು ರುಂಡ ಹಾರಿಸ್ತಿತ್ತು, ನಿಮ್ಮದು ರುಂಡ ಮಾತ್ರ ಇಟ್ಕೊಳ್ಳುತ್ತೆ.”

ಅವರ ದನಿಯಲ್ಲಿ ಕೊಂಕು ಇರಲಿಲ್ಲ. ಹಾಗಾಗಿ ಅವಳಿಗೆ ಇನ್ನೂ ಕಷ್ಟವಾಯಿತು. ಗಡಿಯಾರ ಊಟದ ಹೊತ್ತಿನ ಕಡೆ ಜಾರುತ್ತಿತ್ತು. ಗಾಜಿನ ಕೋಣೆಯಲ್ಲಿ ನಾದಿನಿ ಎದ್ದು ನಿಂತು, ಇವರ ಕಡೆ ನೋಡಿ, ಮತ್ತೆ ಕೂತಳು.

“ನನಗೆ ಈ ತಲೆ ಬೇರೆ ಆಗೋ ವಿಷಯ…” ಅಂತ ಶುರುಮಾಡಿ ಅತ್ತಿಗೆ ತಡವರಿಸಿದಳು. ಅದು ಗೊತ್ತಿತ್ತು, ಮರೆತೆ ಅನ್ನಬೇಕೆಂದಿದ್ದಳು. ಈ ಮೂರು ತಿಂಗಳಲ್ಲಿ ಯಾರು ಏನು ಕೇಳಿದರೂ ಹೂಂಗುಟ್ಟಿ, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಹುಡುಕಿ, ಬಂದು ಉತ್ತರ ಹೇಳುತ್ತಿದ್ದಳು. ಅವಳ ಹೊಟ್ಟೆ ಸರಿಯಿಲ್ಲವೆಂದು ಆಫೀಸಿನಲ್ಲಿ ಕೆಲವರು ನಂಬಿದ್ದರು. “ನನಗೆ ಇದು ಗೊತ್ತೇ ಇರಲಿಲ್ಲ ಮೇಷ್ಟ್ರೇ.”

“ಅದಕ್ಕೇ ತೋರಿಸ್ದೆ. ನನಗೂ ಒಂದು ದಿನ ಯಾರೋ ತೋರಿಸಿದ್ದು.”

“ಅಲ್ಲ, ನಾನು ಹೇಳ್ತಿರೋದು ಬೇರೆ.” ಅವಳು ಪರದೆಯ ಕಡೆ ತಿರುಗಿದಳು. ಮಾತು ಬಾಯಿಂದ ಹೊರಬಿದ್ದ ಮೇಲೆ ಅದಕ್ಕೊಂದು ಆಕಾರ ಕಾಣತೊಡಗಿತ್ತು. “ನಿಮ್ಮ ಸ್ಕ್ರಿಪ್ಟೂ ನನ್ನ ಸ್ಕ್ರಿಪ್ಟೂ ಮಾಡಿದ್ದು ಒಂದೇ ತಪ್ಪು. ಗೊತ್ತಾಗದೇ ಇದ್ದಾಗಲೂ ಏನೋ ಒಂದು ಹೆಸರು ಹೇಳಿ ಮುಂದೆ ಹೋಗುತ್ತೆ. ಅದಕ್ಕೆ ಗೊತ್ತಿಲ್ಲ ಅನ್ನೋಕೆ ಬಿಡಬೇಕು. ಗೊತ್ತಿಲ್ಲ ಅಂದು ಅಲ್ಲೇ ನಿಲ್ಲಬೇಕು.”

ಮೇಷ್ಟ್ರು ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡು ಒಂದು ಸಾಲು ಬರೆದರು:

git symbolic-ref --short HEAD

“ಇದು ಮರ್ಯಾದಸ್ಥ” ಅಂದರು. “ಬ್ರಾಂಚಿನ ಮೇಲೆ ನಿಂತಿದ್ರೆ ಹೆಸರನ್ನ ಪೂರ್ತಿ ಹೇಳುತ್ತೆ. ನಿಂತಿಲ್ಲದಿದ್ರೆ ತಲೆಗಿಲೆ ಅಂತ ಸುಳ್ಳು ಹೇಳಲ್ಲ, ತಪ್ಪಾಯ್ತು ಅಂತ ಕೈಯೆತ್ತುತ್ತೆ. ಕೈಯೆತ್ತಿದ್ದನ್ನ ನಾವು ಗಮನಿಸಬೇಕು ಅಷ್ಟೇ.”

ಗಮನಿಸುವ ಸಾಲನ್ನು ಅತ್ತಿಗೆ ಬರೆದಳು. ಅದು ಕೈಯೆತ್ತಿದರೆ ಪರದೆಯ ಮೇಲೆ ‘ಯಾವ ಬ್ರಾಂಚೆಂದು ಗೊತ್ತಿಲ್ಲ. ಕಳಿಸುವುದಿಲ್ಲ’ ಎಂದು ಬಂದು ಎಲ್ಲ ನಿಲ್ಲಬೇಕು. ಹೆಸರು ಸಿಕ್ಕಿದರೆ, ಅದರ ಪೂರ್ತಿ ಮೈ ‘ನಿಜ’ ಎಂಬುದಕ್ಕೆ ಸರಿಸಮ ಆದರೆ ಮಾತ್ರ ಊರಿಗೆ. ಮಿಕ್ಕ ಯಾವುದೇ ಹೆಸರಾದರೂ ಹಿಂದಿನ ಕೋಣೆಗೆ. ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡಿ ಎಂದು ಮೇಷ್ಟ್ರು ಪಕ್ಕದಿಂದ ಎರಡು ಸಲ ಹೇಳಿದರು, ಎರಡನೇ ಸಲ ಅವಳು ಆಗಲೇ ಇಟ್ಟಾಗಿತ್ತು. ಕೇಬಲ್ ಕಿತ್ತ ಕಂಪ್ಯೂಟರಿನಲ್ಲಿ ಇಬ್ಬರೂ ಸೇರಿ ಅದನ್ನು ಗೋಳು ಹೊಯ್ದುಕೊಂಡರು. ನಿಜದಲ್ಲಿ ನಿಂತು ಓಡಿಸಿದರು, ಅತ್ತಿಗೆ/ನಿಜದಲ್ಲಿ ನಿಂತು ಓಡಿಸಿದರು, ಎಲ್ಲೂ ನಿಲ್ಲದೆ ಓಡಿಸಿದರು. ಗಿಟ್ಟೇ ಇಲ್ಲದ ಬೇರೆ ಫೋಲ್ಡರಿಗೆ ಹೋಗಿ ಓಡಿಸಿದರು. ಅಲ್ಲೂ ಅದು ಗೊತ್ತಿಲ್ಲ ಅಂತ ಹೇಳಿ ಸುಮ್ಮನೆ ಕೂತಿತು.

“ನಾನು ಹೀಗೆ ಬೇಗ ಒಪ್ಕೊಂಡಿದ್ರೆ ಜೀವನದಲ್ಲಿ ಅರ್ಧ ಜಗಳ ಇರ್ತಿರಲಿಲ್ಲ” ಅಂದರು ಮೇಷ್ಟ್ರು.

ಊಟವಾದ ಮೇಲೆ ಅಧಿಕಾರಿಯ ಫೋನ್ ಬಂತು. ನಾದಿನಿ ಫೋನನ್ನು ಮೇಜಿನ ಮಧ್ಯೆ ಇಟ್ಟು ಸ್ಪೀಕರಿಗೆ ಹಾಕಿದಳು. ಅತ್ತಿಗೆ ಒಂದು ಕಡೆ, ಮೇಷ್ಟ್ರು ಒಂದು ಕಡೆ ಕೂತರು. ಏನಾಯಿತೆಂದು ಅತ್ತಿಗೆ ಹೇಳಿದಳು. ವಿಳಾಸ, ಕತ್ತರಿ, ಕೊನೆಯ ಚೂರು. ಅವಳು ಇಟ್ಟ ಹೆಸರು ಕೂಡ. ಅದನ್ನು ಹೇಳುವಾಗ ಮಾತ್ರ ದನಿ ಸ್ವಲ್ಪ ತಗ್ಗಿತು.

“ಅಂದ್ರೆ ಕತ್ತರಿಸೋ ಸಾಲು ಬರೆದವರದ್ದು ತಪ್ಪು” ಅಂದಿತು ಫೋನು.

“ನಾನು ಬರೆದಿದ್ದು ಸರ್” ಅಂದರು ಮೇಷ್ಟ್ರು.

“ಹೆಸರಲ್ಲಿ ಗೆರೆ ಹಾಕಿ ಅಂತ ನಿಯಮ ಮಾಡಿದವಳು ನಾನು” ಅಂದಳು ನಾದಿನಿ. ಇದನ್ನು ಅವಳು ಹೇಳುತ್ತಾಳೆಂದು ಇಬ್ಬರಿಗೂ ಗೊತ್ತಿರಲಿಲ್ಲ. “ನಿಯಮ ಮಾಡಿದಾಗ ಸ್ಕ್ರಿಪ್ಟ್ ಏನಾಗುತ್ತೆ ಅಂತ ನೋಡ್ಬೇಕಿತ್ತು. ನೋಡಲಿಲ್ಲ.”

ಫೋನಿನ ಆ ಕಡೆ ಯಾರೋ ಬಾಗಿಲು ತೆಗೆದು ಹಾಕಿದ ಸದ್ದು. “ನನಗೆ ಬೇಕಿರೋದು ಇಷ್ಟೇ. ಇದು ಮತ್ತೆ ಆಗಲ್ಲ ತಾನೇ? ನೆನ್ನೆ ಕಳಿಸಿದವರೇ ಹೇಳಲಿ.”

ನಾದಿನಿ ಅತ್ತಿಗೆಯ ಕಡೆ ನೋಡಿದಳು. ಖಂಡಿತ ಆಗಲ್ಲ ಸರ್ ಅನ್ನಿ, ಮುಗಿಸಿ ಎಂದು ಅವಳ ಹುಬ್ಬುಗಳು ಹೇಳುತ್ತಿದ್ದವು. ಅತ್ತಿಗೆಯ ನಾಲಿಗೆಯ ತುದಿಯಲ್ಲೂ ಅದೇ ಮಾತು ರೆಡಿ ಇತ್ತು. ಅದನ್ನು ಹೇಳಿ ಆಮೇಲೆ ಬಚ್ಚಲಿಗೆ ಹೋಗಬಹುದಿತ್ತು.

“ಇದೇ ತಪ್ಪು ಮತ್ತೆ ಆಗಲ್ಲ ಸರ್” ಅಂದಳು. “ಬೇರೆ ಯಾವ ತಪ್ಪು ಎಲ್ಲಿ ಕೂತಿದೆ ಅಂತ ನನಗೆ ಗೊತ್ತಿಲ್ಲ. ಆದರೆ ಇನ್ನು ಮೇಲೆ ಸ್ಕ್ರಿಪ್ಟಿಗೆ ಅನುಮಾನ ಬಂದರೆ ಅದು ಊರಿಗೆ ಕಳಿಸಲ್ಲ, ನಿಲ್ಲುತ್ತೆ. ನಿಂತರೆ ನಿಮ್ಮ ಬೋರ್ಡು ಎಂದಿನ ಹಾಗೆ ಬಸ್ಸಿನ ಸಮಯ ತೋರಿಸ್ತಾ ಇರುತ್ತೆ, ಅತ್ತೆ ಬರಲ್ಲ.”

ಕೊನೆಯ ಮಾತು ಯಾಕೆ ಬಂತೋ. ಮೇಷ್ಟ್ರು ಮೇಜಿನ ಕೆಳಗೆ ನೋಡತೊಡಗಿದರು.

“ಅತ್ತೆ?”

“ಆ ವಾಕ್ಯಗಳು ನಮ್ಮ ಅತ್ತೆಯವು ಸರ್.”

“ನಮ್ಮಮ್ಮ” ಅಂದಳು ನಾದಿನಿ, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂಬಂತೆ.

ಫೋನು ಗಂಟಲು ಸರಿಮಾಡಿಕೊಂಡಿತು. “ನೆನ್ನೆಯಿಂದ ನೂರು ಜನಕ್ಕೆ ಉತ್ತರ ಕೊಟ್ಟಿದೀನಿ. ಖಂಡಿತ, ಗ್ಯಾರಂಟಿ, ನೋ ಪ್ರಾಬ್ಲಮ್ ಅಂತ ನನಗೆ ಹೇಳೋರು ಇಲ್ಲೇ ಸಾಕಷ್ಟು ಜನ ಇದಾರೆ. ಆಯ್ತು. ಸ್ಕ್ರಿಪ್ಟ್ ನಿಲ್ಲೋದನ್ನ ನನಗೆ ಒಂದು ಸಲ ತೋರಿಸಿ. ಆ ಉದ್ದದ ಸಾಲಿನ ಕೆಲಸವನ್ನೂ ಮುಗಿಸಿ. ಕೊನೇ ಪದ ಕಾಣದೆ ಜನ ದಿನಾ ತಪ್ಪು ಬಸ್ ಹತ್ತುತ್ತಿದಾರೆ. ಇವರೇ ಮುಗಿಸಲಿ.”

ಫೋನ್ ಇಟ್ಟ ಮೇಲೆ ಮೇಷ್ಟ್ರು ಮೊದಲು ಎದ್ದು, ಏನೋ ನೆನಪಾದವರಂತೆ ಹೊರಗೆ ಹೋದರು.

“ಇದನ್ನ ಮುಗಿಸೋಕೆ ಎಷ್ಟು ದಿನ ಬೇಕು?” ನಾದಿನಿ ಕೇಳಿದಳು.

“ಮುಂದಿನ ವಾರ ಪೂರ್ತಿ.”

“ಶುಕ್ರವಾರ ನಾಳೆಯೇ ಬಂತಲ್ಲ.” ನಾದಿನಿ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದಳು. “ಸರಿ. ಮುಂದಿನ ವಾರವೂ ಬನ್ನಿ, ಅದರ ಮುಂದಿನ ವಾರವೂ ಬನ್ನಿ. ಕೆಲಸ ಖಾಯಂ. ಆದ್ರೆ ಒಂದು, ಅಮ್ಮನಿಗೆ ನಾನೇ ಹೇಳ್ತೀನಿ.”

“ಯಾಕೆ?”

“ನಿಮ್ಮನ್ನ ಕೆಲಸದಿಂದ ತೆಗೆದ್ರೆ ಮನೆಗೆ ಕಾಲಿಡಬೇಡ ಅಂತ ಬೆಳಿಗ್ಗೆ ಫೋನ್ ಮಾಡಿದ್ರು. ತಾವು ಹೇಳಿದ್ದಕ್ಕೇ ನಾನು ನಿಮ್ಮನ್ನ ಉಳಿಸ್ಕೊಂಡೆ ಅಂತ ಜೀವಮಾನ ಪೂರ್ತಿ ಹೇಳ್ಕೊಂಡು ಓಡಾಡ್ತಾರೆ. ನಾನು ಮೊದಲು ಸರಿಯಾಗಿ ವಿವರಿಸಿ ಹೇಳ್ಬೇಕು.”

“ವಿವರಿಸಿದ್ರೂ ಹಾಗೇ ಹೇಳ್ಕೊಂಡು ಓಡಾಡ್ತಾರೆ.”

“ಅದೂ ನಿಜ” ಅಂದಳು ನಾದಿನಿ, ಸೋತವಳಂತೆ.

ಸಂಜೆ ಮನೆಗೆ ಹೊರಡಲೆಂದು ಅತ್ತಿಗೆ ಬ್ಯಾಗನ್ನು ಹೆಗಲಿಗೇರಿಸಿದಾಗ ಮೇಷ್ಟ್ರು ಕುರ್ಚಿ ಎಳೆದುಕೊಂಡು ಅವಳ ಮೇಜಿನ ಪಕ್ಕ ಕೂತಿದ್ದರು. ಪರದೆಯ ಮೇಲೆ ಫೈಲುಗಳ ಒಂದು ಉದ್ದ ಸಾಲು. ತೆಗೆ, ಮುಚ್ಚು, ಎಬ್ಬಿಸು, ಗುಡಿಸು. ಎಲ್ಲ ಅವರು ಯಾವ್ಯಾವ ಕಾಲದಲ್ಲೋ ಬರೆದ ಸ್ಕ್ರಿಪ್ಟುಗಳು.

“ಇವೂ ನನ್ನವೇ” ಅಂದರು. “ಎಲ್ಲೆಲ್ಲಿ ಏನೇನು ಕತ್ತರಿಸಿದೀನೋ ನೆನಪಿಲ್ಲ. ಒಬ್ಬನೇ ಓದಿದ್ರೆ ನನ್ನ ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತೆ. ಹೊತ್ತಿದ್ರೆ ಒಂದನ್ನ ನೋಡೋಣವಾ?”

ಅವಳ ಬಸ್ಸಿಗೆ ಇನ್ನು ಸ್ವಲ್ಪವೇ ಸಮಯವಿತ್ತು. ಕಿಟಕಿಯಿಂದ ನೋಡಿದರೆ ರಸ್ತೆಯಾಚೆಯ ನಿಲ್ದಾಣ ಕಾಣುತ್ತಿತ್ತು, ಶಾಲೆ ಬಿಟ್ಟ ಮಕ್ಕಳ ಗುಂಪು, ಬಿಸಿಲಿಗೆ ಫೈಲನ್ನು ತಲೆಯ ಮೇಲೆ ಹಿಡಿದ ಒಬ್ಬ ಮುದುಕ. ಬಸ್ಸು ಬಂದು ನಿಂತು, ಅವರನ್ನೆಲ್ಲ ತುಂಬಿಕೊಂಡು ಹೊರಟಿತು.

“ಗುಡಿಸು ಅಂದ್ರೆ ಏನನ್ನ ಗುಡಿಸುತ್ತೆ?” ಕೇಳಿದಳು ಅತ್ತಿಗೆ, ಬ್ಯಾಗನ್ನು ಹೆಗಲಿನಿಂದ ಇಳಿಸುತ್ತಾ.

“ಹಳೇ ಫೈಲುಗಳನ್ನ, ದಿನಾ ರಾತ್ರಿ ತಾನಾಗಿಯೇ. ಹಾಗಂತ ಅಂದ್ಕೊಂಡಿದೀನಿ.”

“ಮೊದಲು ಇದನ್ನೇ ತೆಗೀರಿ ಮೇಷ್ಟ್ರೇ, ಇವತ್ತು ರಾತ್ರಿ ಅದು ಇನ್ನೇನನ್ನಾದ್ರೂ ಗುಡಿಸೋಕೆ ಮುಂಚೆ” ಅಂದು ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು.